ಫ್ರಿಜ್ಜಿನಲ್ಲಿ ಇಲ್ಲದ ವಾಲ್ವು

ಬೆಳಿಗ್ಗೆ ಏಳು ಗಂಟೆಗೆ ಹಿಂಬಾಗಿಲ ಚಿಲಕ ಎರಡು ಸಲ ಸಣ್ಣಗೆ ಅಲುಗಿದರೆ ಪಕ್ಕದ ಮನೆಯ ಖಾಲಾ ಬಂದರೆಂದು ಅರ್ಥ. ನಾನು ಡಿಕಾಕ್ಷನ್ನಿಗೆ ಬಿಸಿನೀರು ಹುಯ್ದು, ಕೈ ಒರೆಸಿಕೊಂಡು, ಫ್ರಿಜ್ಜಿನ ಬಾಗಿಲು ತೆಗೆದು ಒಂದು ಪುಟ್ಟ ಗಾಜಿನ ಬಾಟಲಿಯನ್ನು ಅವರ ಅಂಗೈಯಲ್ಲಿಡುತ್ತಿದ್ದೆ. ಅವರು ಅದನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡು ಹೋಗಿ, ಕುದಿಸಿಟ್ಟ ಗಾಜಿನ ಸಿರಿಂಜಿನಿಂದ ತಮ್ಮ ತೊಡೆಗೆ ತಾವೇ ಚುಚ್ಚಿಕೊಂಡು, ನನ್ನ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಟಲಿಯನ್ನು ವಾಪಸು ತಂದುಕೊಡುತ್ತಿದ್ದರು. ಸಂಜೆ ಆರಕ್ಕೆ ಮತ್ತೆ ಇದೇ ನಡೆಯುತ್ತಿತ್ತು. ಅವರ ಅಕ್ಕನ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನನಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ, ಆಗಿದ್ದರು. ಅವರ ಯಜಮಾನರದು ಮೆಣಸು, ಏಲಕ್ಕಿಯ ವ್ಯಾಪಾರ. ಕೊಪ್ಪದ ಬಸ್‌ ಸ್ಟ್ಯಾಂಡಿನ ಹಿಂದಿನ ನಮ್ಮ ಬೀದಿಯಲ್ಲಿ ಆಗ, ಎಂಬತ್ತರ ದಶಕ ಶುರುವಾದ ಆ ದಿನಗಳಲ್ಲಿ, ಫ್ರಿಜ್ಜು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಆ ಫ್ರಿಜ್ಜಿನ ಬಾಗಿಲ ಒಳಮೈಯಲ್ಲಿ ಕಂಪನಿಯವರು ಮೊಟ್ಟೆ ಇಡುವುದಕ್ಕೆಂದು ಹನ್ನೆರಡು ಗುಳಿ ಕೊಟ್ಟಿದ್ದರು. ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆ. ಅತ್ತೆ ಆ ಗುಳಿಗಳನ್ನು ಬಹಳ ಹೊತ್ತು ನೋಡಿ, ಇದು ನಿಂಬೆಹಣ್ಣಿಗೆ ಮಾಡಿದ್ದು ಎಂದು ತೀರ್ಮಾನಿಸಿದರು. ಹತ್ತರಲ್ಲಿ ನಿಂಬೆ ಕೂತಿತು, ಉಳಿದ ಎರಡರಲ್ಲಿ ಖಾಲಾರ ಸಕ್ಕರೆ ಕಾಯಿಲೆಯ ಇನ್ಸುಲಿನ್. ಬಾಟಲಿಯ ಲೇಬಲ್ಲಿನ ಮೇಲೆ, ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಈ ಔಷಧಿಯನ್ನು ಯಾವ ಪ್ರಾಣಿಯ ಹೊಟ್ಟೆಯೊಳಗಿನಿಂದ ತೆಗೆದದ್ದೆಂದು ಬರೆದಿತ್ತು. ನನ್ನ ಗಂಡನಿಗೂ ಇಂಗ್ಲಿಷ್ ಬರುತ್ತಿತ್ತು, ಆದರೆ ಅವರು ದಪ್ಪಕ್ಷರಗಳನ್ನು ಮಾತ್ರ ಓದುವ ಪೈಕಿ. ಹೀಗಾಗಿ ಆ ಎರಡು ಮನೆಗಳಲ್ಲಿ ಅದನ್ನು ಓದಿದವಳು ನಾನೊಬ್ಬಳೇ. ಆ ಪ್ರಾಣಿ ಯಾವುದೆಂದು ನಾನು ಅತ್ತೆಗೂ ಹೇಳಲಿಲ್ಲ, ಖಾಲಾಗೂ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಹನ್ನೊಂದು ವರ್ಷ ಕಷ್ಟಪಟ್ಟು ನನಗೆ ಓದಲು ಕಲಿಸಿದರು. ಓದಿಯೂ ಸುಮ್ಮನಿರುವುದನ್ನು ಮದುವೆಯಾದ ಮೇಲೆ ನಾನೇ ಕಲಿತುಕೊಂಡೆ.

ಆವತ್ತು ಬೆಳಿಗ್ಗೆ ಖಾಲಾ ಬಾಟಲಿಯನ್ನು ಕೈಗೆ ತೆಗೆದುಕೊಂಡವರು ಹೊರಡಲಿಲ್ಲ. ಅದನ್ನು ಕೆನ್ನೆಗೆ ಒತ್ತಿ ನೋಡಿದರು.

"ಇವತ್ತೂ ತಣ್ಣಗಿಲ್ಲ ಅಲ್ದಾ?" ಅಂದರು.

ಇರಲಿಲ್ಲ. ಮೂರು ದಿನದಿಂದ ನಮ್ಮ ಫ್ರಿಜ್ಜು ದೀಪ ಹತ್ತುವ ಒಂದು ಬೀರು ಆಗಿತ್ತು. ಮೋಟಾರು ಮಾತ್ರ ಹಗಲೂ ರಾತ್ರಿ ಬಿಡುವಿಲ್ಲದೆ ಗುರ್ರೆನ್ನುತ್ತಿತ್ತು. ಮಳೆ ಹಿಂದೆ ಸರಿದು ಹಗಲಿಗೆ ಸೆಕೆ ಹುಟ್ಟಿಕೊಂಡಿದ್ದ ದಿನಗಳವು. ಹಾಲು ಒಡೆಯಿತು, ಮೊಸರು ಹುಳಿಯಾಯಿತು, ಅದೆಲ್ಲ ಹೋಗಲಿ. ಆದರೆ ಖಾಲಾರ ಈ ಎರಡು ಬಾಟಲಿಗಳು ಶಿವಮೊಗ್ಗದಿಂದ ಬಂದವು. ಕೊಪ್ಪದ ಅಂಗಡಿಗಳಲ್ಲಿ ಅವು ಸಿಗುತ್ತಿರಲಿಲ್ಲ. ತಂದುಕೊಡಬೇಕಾದ ಅವರ ಯಜಮಾನರು ಮೆಣಸಿನ ಲೋಡಿನ ಜೊತೆ ಮಂಗಳೂರಿಗೆ ಹೋಗಿದ್ದರು, ಬರುವುದು ಇನ್ನೊಂದು ವಾರ. ಶಿವಮೊಗ್ಗದ ಡಾಕ್ಟರು ಖಾಲಾರಿಗೆ ಎರಡೇ ಮಾತು ಹೇಳಿ ಕಳಿಸಿದ್ದರು: ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು; ಎರಡರಲ್ಲಿ ಯಾವುದು ತಪ್ಪಿದರೂ ಇದು ಬರೀ ನೀರು. ಹೋದ ವರ್ಷ ಒಮ್ಮೆ ಮದ್ದು ತಪ್ಪಿ, ಖಾಲಾ ಬಾವಿಕಟ್ಟೆಯ ಬಳಿ ಕುಸಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಸಂಜೆಯೊಳಗೆ ಸರಿಯಾಗದಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿಬಿಡಿ, ಬೆಳಗಿನ ಬಸ್ಸು ಹತ್ತಿ ಶಿವಮೊಗ್ಗದಲ್ಲಿ ತಂಗಿಯ ಮನೆಗೆ ಹೋಗಿಬಿಡುತ್ತೇನೆ ಎಂದು ಅವರು ಹೇಳಿದರು. ತಂಗಿಯ ಗಂಡ ಎಷ್ಟು ಹಂಗಿಸಿ ಮಾತಾಡುತ್ತಾನೆಂದು ನನಗೆ ಗೊತ್ತಿತ್ತು. ಇವತ್ತು ಸರಿಯಾಗುತ್ತದೆ, ಮೆಕ್ಯಾನಿಕ್ ಬರುತ್ತಿದ್ದಾರೆ ಎಂದೆ.

ಫ್ರಿಜ್ಜಿಗೆ ಏನಾಗಿದೆಯೆಂದು ನನಗೆ ಗೊತ್ತಿತ್ತೇ? ಗೊತ್ತಿತ್ತು ಎಂದರೆ ಈಗ ದೊಡ್ಡ ಮಾತಾಗುತ್ತದೆ. ಅನುಮಾನವಂತೂ ಇತ್ತು.

ನಾಲ್ಕು ದಿನಗಳ ಹಿಂದೆ ಶೃಂಗೇರಿಯಿಂದ ಭಾವನವರ, ಅಂದರೆ ನನ್ನ ಗಂಡನ ಅಣ್ಣನ, ಕಾಗದ ಬಂದಿತ್ತು. ಅವರು ಬಂದರೆ ಅತ್ತೆ ಮಡಿಯುಟ್ಟು ಮಾಡಿದ ಅಡುಗೆಯನ್ನೇ ಊಟ ಮಾಡುವವರು. ಅತ್ತೆ ಪೆಟ್ಟಿಗೆಯಿಂದ ತಮ್ಮ ಧಾಬಳಿ ಹೊರತೆಗೆದರು. ದಪ್ಪ ಉಣ್ಣೆಯ, ಮಡಿಗೆಂದೇ ಮೀಸಲಾದ ವಸ್ತ್ರ. ಅದನ್ನು ಅತ್ತೆಯ ಹೊರತು ಇನ್ನಾರೂ ಮುಟ್ಟುವಂತಿಲ್ಲ. ಮಳೆಗಾಲವಿಡೀ ಒಳಗಿದ್ದು ಅದಕ್ಕೆ ಮುಗ್ಗಲು ವಾಸನೆ ಹತ್ತಿತ್ತು. ಎಲ್ಲಿ ಹರವುವುದು? ಅಂಗಳದಲ್ಲಿ ಹಾಕಿದರೆ ಬೆಕ್ಕು ಮುಟ್ಟುತ್ತದೆ, ಜಗಲಿಯಲ್ಲಿ ಹಾಕಿದರೆ ಬಂದವರು ಮುಟ್ಟುತ್ತಾರೆ. ಮನೆಯಲ್ಲೆಲ್ಲ ಯಾರೂ ಮುಟ್ಟದ, ಸದಾ ಬೆಚ್ಚಗಿರುವ ಜಾಗ ಒಂದೇ ಒಂದು: ಫ್ರಿಜ್ಜಿನ ಬೆನ್ನು. ಅಲ್ಲಿ ಏಣಿಯಂತೆ ಜೋಡಿಸಿದ ಕರೀ ಕೊಳವೆಗಳಿವೆಯಲ್ಲ, ಅದರ ಮೇಲೆ ಅತ್ತೆ ಕೋಲಿನಿಂದ ಧಾಬಳಿಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದರು. ಮರುದಿನದಿಂದ ಫ್ರಿಜ್ಜು ತಣ್ಣಗಾಗುವುದನ್ನು ಬಿಟ್ಟಿತು.

ನಾನು ಹೇಳದೇ ಇರಲಿಲ್ಲ. ಅತ್ತೆ, ಹಿಂದಿನ ಬಿಸಿ ಹೊರಗೆ ಹೋಗಬೇಕೇನೋ ಎಂದು ಮೆಲ್ಲಗೆ ಒಮ್ಮೆ ಅಂದಿದ್ದೆ. ಅವರು ನನ್ನನ್ನು ಮರುಕದಿಂದ ನೋಡಿದರು.

"ತಣ್ಣಗೆ ಮಾಡೋದು ಒಳಗೆ ಅಲ್ದನೇ ಕೂಸೇ? ಹೊರಗೆ ಬೆನ್ನಿಗೆ ಬಟ್ಟೆ ಹೊದಿಸಿದ್ರೆ ಅದಕ್ಕೆ ಎಂತ ಆಗ್ತು?"

ಈ ಫ್ರಿಜ್ಜಿನ ಬಗ್ಗೆ ಅತ್ತೆಯ ಕಾನೂನು ಸ್ಪಷ್ಟವಾಗಿತ್ತು. ಫ್ರಿಜ್ಜಿನ ಒಳಗು ಮೈಲಿಗೆ, ಏಕೆಂದರೆ ಅಲ್ಲಿ ಮುಸುರೆ ಪಾತ್ರೆಯೂ ಪಕ್ಕದ ಮನೆಯ ಮದ್ದೂ ಇರುತ್ತದೆ. ಮದ್ದಿಗೆ ಜಾತಿಯಿಲ್ಲವೆಂದು ಅವರೇ ದೊಡ್ಡ ಮನಸ್ಸಿನಿಂದ ಒಪ್ಪಿದ್ದರು. ಫ್ರಿಜ್ಜಿನ ಬೆನ್ನು ಮಾತ್ರ ಮಡಿ. ಮುಂದಿನ ಬಾಗಿಲು ನನ್ನ ರಾಜ್ಯ, ಹಿಂದಿನ ಗೋಡೆಬದಿ ಅವರದು. ಗಡಿಯಲ್ಲಿ ಒಂದು ಬಿದಿರಿನ ಕೋಲು ಆನಿಸಿ ಇಟ್ಟಿರುತ್ತಿತ್ತು.

ನನ್ನ ಗಂಡನಿಗೆ ಬೇರೆಯೇ ಸಿದ್ಧಾಂತ. ಅವರದು ಪಂಪ್‌ಸೆಟ್ಟಿನ ಅಂಗಡಿ. ತೋಟದವರು ಬಂದು ಪಂಪು ನೀರೆತ್ತುತ್ತಿಲ್ಲ ಎಂದರೆ ಸಾಕು, ಅವರು ಪೇಪರಿನಿಂದ ತಲೆಯೆತ್ತದೆ ಫುಟ್‌ವಾಲ್ವ್ ಹೋಗಿದೆ ಎನ್ನುತ್ತಿದ್ದರು. ಬಾವಿಯ ತಳದಲ್ಲಿ ಪೈಪಿನ ತುದಿಗೆ ಕೂತು, ಎತ್ತಿದ ನೀರನ್ನು ಹಿಂದಕ್ಕೆ ಬಿಡದಂತೆ ಹಿಡಿಯುವ ಕಬ್ಬಿಣದ ಬಾಯಿ ಅದು. ಹತ್ತರಲ್ಲಿ ಎಂಟು ಸಲ ಅವರು ಹೇಳಿದ್ದು ಸರಿಯೇ ಇರುತ್ತಿತ್ತು, ಅದೇ ದೊಡ್ಡ ತೊಂದರೆ. ಕಾರು ನಿಂತರೂ ವಾಲ್ವು, ಪ್ರೆಶರ್ ಕುಕ್ಕರು ಕೂಗದಿದ್ದರೂ ವಾಲ್ವು, ನಮ್ಮ ಮಾವನವರು ತೀರಿಕೊಂಡಾಗ ಡಾಕ್ಟರು ಹೃದಯದ್ದೇ ಏನೋ ವಾಲ್ವು ಎಂದದ್ದು ಇವರ ನಂಬಿಕೆಗೆ ಮುದ್ರೆ ಒತ್ತಿದಂತಾಗಿತ್ತು. ಫ್ರಿಜ್ಜು ಬಿಸಿಯಾದ ದಿನವೇ ಅವರು ತೀರ್ಪು ಕೊಟ್ಟರು. ಆಮೇಲೆ ಒಳಗಿನ ತಿರುಗಣೆಯನ್ನು ಮೂರರಿಂದ ಏಳಕ್ಕೆ ತಿರುಗಿಸಿಟ್ಟು, ನರಸಿಂಹರಾಜಪುರದ ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿದರು. ಏಳು ಎಂದರೆ ಅತಿ ಹೆಚ್ಚು ಚಳಿ. ಧಾಬಳಿ ಹೊದ್ದುಕೊಂಡ ಫ್ರಿಜ್ಜಿಗೆ ಏಳೂ ಒಂದೇ, ಒಂದೂ ಒಂದೇ.

ಒಂಬತ್ತರ ಬಸ್ಸಿಗೆ ಭಾವನವರು ಬಂದಿಳಿದರು. ಶೃಂಗೇರಿಯಲ್ಲಿ ನಾಲ್ಕಾರು ಮಂದಿಗೆ ತರ್ಕಶಾಸ್ತ್ರ ಪಾಠ ಹೇಳುತ್ತಿದ್ದವರು. ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದನ್ನು ಮೂವತ್ತು ವರ್ಷ ಕಲಿಸಿದ್ದರು. ಒಲೆಯ ಹತ್ತಿರ ಮಾತ್ರ ಎಂದೂ ಹೋದವರಲ್ಲ. ಕಾಲು ತೊಳೆದು ಕೂತು, ತಮ್ಮನ ಬಾಯಿಂದ ವಿಷಯ ಕೇಳಿದರು. ಹತ್ತೂಕಾಲಿಗೆ ಮೆಕ್ಯಾನಿಕ್ಕೂ ಬಂದರು. ಐವತ್ತರ ಆಸುಪಾಸು, ಕತ್ತಿನಲ್ಲಿ ಸಣ್ಣ ಬೆಳ್ಳಿಯ ಶಿಲುಬೆ, ಕೈಯಲ್ಲಿ ಕ್ಯಾನ್ವಾಸಿನ ಚೀಲ. ಊರಿಗೆ ಬಂದು ಪಂಪು ರಿಪೇರಿ ಹಿಡಿಯುವ ಮೊದಲು ಎಂಟು ವರ್ಷ ಕಡಲದಂಡೆಯ ಒಂದು ಐಸ್ ಕಾರ್ಖಾನೆಯಲ್ಲಿ ದುಡಿದವರು.

ಅವರು ನೇರವಾಗಿ ಫ್ರಿಜ್ಜಿನ ಹಿಂದಕ್ಕೆ ಹೋಗಹೊರಟರು. ಸರಿಯಾದ ಮೆಕ್ಯಾನಿಕ್ ಮಾಡುವುದು ಅದನ್ನೇ. ಅತ್ತೆ ಅಡುಗೆಮನೆಯಿಂದ ಕೈ ಚಾಚಿ ತಡೆದರು. ಅಲ್ಲಿ ಮಡಿ ಬಟ್ಟೆ ಇದೆ, ಹನ್ನೊಂದಕ್ಕೆ ತಾವು ಅದನ್ನು ತೆಗೆದುಕೊಳ್ಳುವವರೆಗೆ ಮುಂದಿನಿಂದಲೇ ನೋಡಿ ಎಂದರು. ಹೀಗೆ ಆ ಮನುಷ್ಯ ಮುಕ್ಕಾಲು ಗಂಟೆ ನಮ್ಮ ಫ್ರಿಜ್ಜನ್ನು ಮುಂಬಾಗಿಲಿನಿಂದ ಪರೀಕ್ಷಿಸಿದರು. ಬಾಗಿಲಿಗೆ ಕಿವಿಯಿಟ್ಟರು. ಪಕ್ಕೆಗೆ ತಟ್ಟಿದರು. ನಿಂಬೆಹಣ್ಣು ಮುಟ್ಟಿ ನೋಡಿದರು. ಬೆನ್ನು ತೋರಿಸಲು ನಾಚುವ ರೋಗಿಯ ಮುಂದೆ ಕೂತ ಡಾಕ್ಟರಂತೆ ನನಗೆ ಕಂಡರು.

ಅವರಿಗೆ ವಿಷಯ ಗೊತ್ತಿರಲಿಲ್ಲವೆಂದು ಹೇಳಲಾರೆ. ಐಸ್ ಕಾರ್ಖಾನೆಯಲ್ಲಿ ಅವರ ಕೆಲಸವೇ ವಾಲ್ವಿನದು. ಹಿತ್ತಾಳೆಯ ಚಕ್ರ ಇದ್ದ ಒಂದು ವಾಲ್ವು, ಅದರ ಒಳಗೆ ಕೂದಲೆಳೆಯಷ್ಟು ಸಂದು, ಒತ್ತಿ ತುಂಬಿದ ಗ್ಯಾಸು ಆ ಸಂದಿನಲ್ಲಿ ತೂರಿ ಆಚೆ ಬಂದೊಡನೆ ಚಳಿ ಹುಟ್ಟುತ್ತದೆ ಎಂದು ವಿವರಿಸಿದರು. ಚಕ್ರ ಸ್ವಲ್ಪ ಹೆಚ್ಚು ತಿರುಗಿದರೆ ಪೈಪಿಗೆಲ್ಲ ಹಿಮ ಕಟ್ಟುತ್ತದೆ, ಕಮ್ಮಿಯಾದರೆ ಐಸಿಲ್ಲ. ಎಂಟು ವರ್ಷ ಅದನ್ನು ಬೆರಳಿನ ಲೆಕ್ಕದಲ್ಲಿ ತಿರುಗಿಸಿದ್ದರಂತೆ. ಭಾವನವರು ಗ್ಯಾಸಿಗೆ ಚಳಿ ಹೇಗೆ ಬರುತ್ತದೆ ಎಂದು ಪ್ರಶ್ನೆ ಹಾಕಿದರು.

"ಶೃಂಗೇರಿ ಬಸ್ಸಲ್ಲಿ ಬಂದ್ರಲ್ಲ ಸ್ವಾಮಿ," ಅಂದರು ಮೆಕ್ಯಾನಿಕ್. "ಒಳಗೆ ಒತ್ತಿಕೊಂಡು ಬೆವರ್ತಾ ಇದ್ರಿ. ಸಣ್ಣ ಬಾಗಿಲಲ್ಲಿ ತೂರಿ ಕೆಳಗೆ ಇಳಿದ ಕೂಡ್ಲೆ ಹಾಯ್ ಅನ್ನಿಸ್ಲಿಲ್ವ? ಅಷ್ಟೇ."

ಆ ಮಾತು ಕೇಳಿ ನನಗೆ ಕಾನ್ವೆಂಟಿನ ವಿಜ್ಞಾನದ ಸಿಸ್ಟರ್ ನೆನಪಾದರು. ಅವರು ಒಂದು ದಿನ ನಮ್ಮೆಲ್ಲರ ಮಣಿಕಟ್ಟಿಗೆ ಒಂದೊಂದು ಹನಿ ಸ್ಪಿರಿಟ್ ಹಚ್ಚಿ, ಊದಿ ಎಂದಿದ್ದರು. ಚರ್ಮ ಜುಮ್ಮೆಂದಿತ್ತು. ಆವಿಯಾಗುವಾಗ ಅದು ನಿನ್ನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಎಂದಿದ್ದರು. ಹೊತ್ತುಕೊಂಡದ್ದನ್ನು ಎಲ್ಲಾದರೂ ಇಳಿಸಲೇಬೇಕು. ನಮ್ಮ ಮನೆಯಲ್ಲಿ ಅದು ಇಳಿಸಬೇಕಾದ ಕಟ್ಟೆಯ ಮೇಲೆ ಧಾಬಳಿ ಕೂತಿತ್ತು.

ನಾನು ದೇವರ ಮನೆಗೆ ಹೋಗಿ ಫ್ರಿಜ್ಜಿನ ಜೊತೆ ಬಂದ ಪುಸ್ತಕ ತಂದೆ. ಫ್ರಿಜ್ಜು ಬಂದ ದಿನ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಅಲ್ಲಿಟ್ಟ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಕುಂಕುಮ ಅಂಟಿದ್ದ ಎರಡನೆಯ ಪುಟದಲ್ಲೇ ಇತ್ತು: ಹಿಂಬದಿಯ ಕೊಳವೆಗಳಿಗೆ ಗಾಳಿಯಾಡಬೇಕು, ಏನನ್ನೂ ಹೊದಿಸಬಾರದು. ಮುಂದಿನ ಚಿತ್ರದಲ್ಲಿ ಇನ್ನೂ ಒಂದು ಸಂಗತಿಯಿತ್ತು. ಮನೆಬಳಕೆಯ ಈ ಫ್ರಿಜ್ಜಿನಲ್ಲಿ ವಾಲ್ವೇ ಇರಲಿಲ್ಲ. ಅದರ ಬದಲು ಸ್ವೆಟರ್ ಹೆಣೆಯುವ ಕಡ್ಡಿಗಿಂತಲೂ ಸಪೂರವಾದ, ಸುರುಳಿ ಸುತ್ತಿದ ಒಂದು ತಾಮ್ರದ ನಳಿಗೆ. ಉದ್ದಕ್ಕೂ ಇಕ್ಕಟ್ಟಾಗಿದ್ದುಕೊಂಡೇ ಅದು ಗ್ಯಾಸನ್ನು ಹದವಾಗಿ ಬಿಡುತ್ತದೆ. ತಿರುಗಿಸುವುದಕ್ಕೆ ಚಕ್ರವಿಲ್ಲ, ತೆರೆಯುವುದಕ್ಕೆ ಬಾಯಿಲ್ಲ, ತಾನು ಕೆಲಸ ಮಾಡುತ್ತಿದ್ದೇನೆಂದು ಯಾರಿಗೂ ತೋರಿಸಿಕೊಳ್ಳುವುದಿಲ್ಲ. ಓದುತ್ತ ಓದುತ್ತ ನನಗೆ ಆ ನಳಿಗೆಯ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತು.

ಗಂಡನನ್ನು ಬಾಗಿಲ ಮರೆಗೆ ಕರೆದು ಎರಡೂ ವಿಷಯ ಹೇಳಿದೆ. ಅವರು ಪುಸ್ತಕದ ಹೊದಿಕೆಯ ದಪ್ಪಕ್ಷರ ಓದಿ ನನಗೇ ವಾಪಸು ಕೊಟ್ಟರು.

"ಕಂಪನಿಯವ್ರು ಗುಟ್ಟೆಲ್ಲ ಪುಸ್ತಕದಲ್ಲಿ ಬರ್ದು ಕೊಡ್ತಾರನೇ? ವಾಲ್ವ್ ಇಲ್ದೆ ಯಾವುದಾದ್ರೂ ಮಿಷನ್ ಇರ್ತದಾ? ನೀ ಹೋಗಿ ಕಾಫಿ ಮಾಡು, ಅಣ್ಣಂಗೆ ಸಕ್ಕರೆ ಕಮ್ಮಿ."

ಕಾಫಿ ಮಾಡಿದೆ. ಮೆಕ್ಯಾನಿಕ್ಕಿನದು ಗಾಜಿನ ಲೋಟದಲ್ಲಿ, ಜಗಲಿಯ ಕಟ್ಟೆಯ ಮೇಲೆ. ಅದೂ ನಮ್ಮ ಮನೆಯ ಕಾನೂನೇ.

ಹನ್ನೊಂದಕ್ಕೆ ಅತ್ತೆ ಸ್ನಾನ ಮುಗಿಸಿ ಬಂದು ಕೋಲಿನಿಂದ ಧಾಬಳಿ ಎತ್ತಿಕೊಂಡು ಉಟ್ಟು ಒಲೆಯ ಮುಂದೆ ಕೂತರು. ಇನ್ನು ಊಟವಾಗುವವರೆಗೆ ನಾನು ಅಡುಗೆಮನೆಯೊಳಗೆ ಕಾಲಿಡುವಂತಿಲ್ಲ. ಊಟವಾಗುವವರೆಗೆ ಜಗಲಿಯಲ್ಲಿ ಕಾಯಿರಿ ಎಂದು ಮೆಕ್ಯಾನಿಕ್ಕಿಗೆ ಹೇಳಿ, ಅಣ್ಣ ತಮ್ಮ ಇಬ್ಬರೂ ಸ್ನಾನ ಸಂಧ್ಯಾವಂದನೆಗೆ ಎದ್ದರು. ಬರಿಗಾಲಿನಲ್ಲಿ ಹೋಗಿ ಫ್ರಿಜ್ಜಿನ ಬೆನ್ನ ಹತ್ತಿರ ಅಂಗೈ ಹಿಡಿದೆ. ಬಾಣಲೆಯ ಮೇಲೆ ಹಿಡಿದಂತಿತ್ತು. ಸ್ಟೀಲಿನ ಲೋಟದಲ್ಲಿ ಎರಡು ಗುಟುಕು ನೀರು ಹಾಕಿ ಮೇಲಿನ ಐಸಿನ ಗೂಡಿನಲ್ಲಿಟ್ಟೆ. ಆಮೇಲೆ ಬೀನ್ಸು ಹೆಚ್ಚುತ್ತ ಅಲ್ಲೇ ನೆಲದ ಮೇಲೆ ಕೂತೆ.

ಅರ್ಧ ಗಂಟೆಯಲ್ಲಿ ಕಾದ ಉಣ್ಣೆಯ ವಾಸನೆ ಹೋಯಿತು. ಒಳಗೆಲ್ಲೋ, ಮೂರು ದಿನದಿಂದ ನಿಂತಿದ್ದ ಒಂದು ಸಣ್ಣ ಸದ್ದು, ನಿದ್ದೆಯಲ್ಲಿ ಮಗು ಉಸಿರುಬಿಟ್ಟಂತೆ, ಸುಯ್ಯೆಂದು ಮತ್ತೆ ಶುರುವಾಯಿತು. ಹನ್ನೆರಡಕ್ಕೆ ಗೂಡಿನ ಅಂಚಿಗೆ ಬೆವರು ಮೂಡಿತು. ಆಗ ನನಗೆ ಸಂತೋಷಕ್ಕಿಂತ ಮೊದಲು ದಿಗಿಲಾಯಿತು. ತಿರುಗಣೆ ಏಳರಲ್ಲೇ ಇತ್ತಲ್ಲ. ಬಿಸಿಗೆ ಕೆಡದೆ ಉಳಿದ ಮದ್ದು ಈಗ ಚಳಿಗೆ ಹೆಪ್ಪುಗಟ್ಟಿದರೆ? ಬಾಟಲಿಗಳೆರಡನ್ನೂ ತೆಗೆದು ಬೆಳಕಿಗೆ ಹಿಡಿದೆ, ತಿಳಿಯಾಗಿದ್ದವು. ಕೆಳಗಿನ ತರಕಾರಿ ಡಬ್ಬದಲ್ಲಿ ಕೊತ್ತಂಬರಿ ಕಟ್ಟಿನ ನಡುವೆ ಮಲಗಿಸಿದೆ. ತಿರುಗಣೆಯನ್ನು ಮಾತ್ರ ಮುಟ್ಟಲಿಲ್ಲ. ಗಂಡಸರಿಗೆ ಕಾಣಿಸುವಂಥದ್ದೊಂದು ಬೇಕಿತ್ತು, ಐಸೇ ಬೇಕಿತ್ತು.

ಊಟಕ್ಕೆ ಹೊತ್ತಾಯಿತು. ಭಾವನವರಿಗೆ ಎರಡನೆಯ ಸಲ ಪಾಯಸ ಬಡಿಸಿ ಅತ್ತೆ ಅಡುಗೆಮನೆಯಲ್ಲೇ ಉಳಿದರು. ಒಂದೂವರೆಗೆ ಗಂಡಸರು ಮೂವರೂ ಫ್ರಿಜ್ಜನ್ನು ಗೋಡೆಯಿಂದ ಎಳೆದು ಅದರ ಬೆನ್ನಿಗೆ ಬಗ್ಗಿದರು. ನೋಡಿದರು. ಮತ್ತೆ ನೋಡಿದರು. ಮೆಕ್ಯಾನಿಕ್ ಕೊಳವೆಗಳ ಮೇಲೆ ಬೆರಳಾಡಿಸುತ್ತ ಮೇಲಿಂದ ಕೆಳಗಿನವರೆಗೆ ಬಂದು, ತಲೆ ಕೆರೆದುಕೊಂಡರು. ಚಕ್ರವಿಲ್ಲ, ಹಿತ್ತಾಳೆಯಿಲ್ಲ. ಎಂಟು ವರ್ಷ ತಿರುಗಿಸಿದ ಕೈಗೆ ಇಲ್ಲಿ ಹಿಡಿಯುವುದಕ್ಕೇ ಏನೂ ಇಲ್ಲ.

"ವಾಲ್ವೇ ಹಾಕ್ಲಿಲ್ಲ ಇದಕ್ಕೆ," ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು.

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಚಳಿಗೆ ವಾಲ್ವು ಕಾರಣ, ಇಲ್ಲಿ ವಾಲ್ವಿಲ್ಲ, ಆದ್ದರಿಂದ ಇಲ್ಲಿ ಚಳಿಯಿಲ್ಲ ಎಂದು ಭಾವನವರು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಧಿಸಿದರು. ಹಾಗಾದರೆ ಕಳೆದ ಎರಡು ವರ್ಷ ಇದೇ ಪೆಟ್ಟಿಗೆ ನಿಮಗೆ ಮಜ್ಜಿಗೆ ತಣ್ಣಗೆ ಮಾಡಿಕೊಟ್ಟದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಬಾಯಾರಿಕೆಗೆಂದು ಮಡಿ ಮರೆತು ಕುಡಿದ ತಂಪು ಮಜ್ಜಿಗೆಗೆ ಗಂಟಲು ಕೆಟ್ಟಿತೆಂದು ಹೋದ ಸಲ ಭಾವನವರೇ ದೂರಿದ್ದರು. ಕಂಪನಿಯವರು ಮೋಸ ಮಾಡಿದ್ದಾರೆ ಎಂದರು ನಮ್ಮವರು. ಹೇಳಿದವರೇ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋಗಿ, ತೋಟದ ನೀರಿನ ಪೈಪಿಗೆ ಹಾಕುವ ಒಂದು ಹಿತ್ತಾಳೆಯ ಗೇಟ್‌ವಾಲ್ವನ್ನು ಕಾಗದದಲ್ಲಿ ಸುತ್ತಿ ತಂದರು. ಅದನ್ನು ಆ ಕಡ್ಡಿಯಂಥ ನಳಿಗೆಯ ಪಕ್ಕ ಹಿಡಿದಾಗ, ಮೂಗುಬೊಟ್ಟಿನ ತೂತಿಗೆ ಒನಕೆ ಹಿಡಿದಂತೆ ಕಂಡಿತು. ನಮ್ಮವರಿಗೆ ಹಾಗೆ ಕಾಣಲಿಲ್ಲ. ವೆಲ್ಡ್ ಮಾಡಿದ್ರಾಯ್ತು ಅಂದರು.

ಮೆಕ್ಯಾನಿಕ್ಕಿಗೆ ಮನಸ್ಸಿರಲಿಲ್ಲ. ಆದರೆ ಎಲ್ಲರೂ ಸೇರಿ ಅವರನ್ನೇ ನೋಡುತ್ತಿದ್ದರು. ನಳಿಗೆ ಕೊಯ್ದರೆ ಇದ್ದ ಗ್ಯಾಸು ಹೋಗುತ್ತದೆ, ಮತ್ತೆ ತುಂಬಲು ಶಿವಮೊಗ್ಗಕ್ಕೇ ಒಯ್ಯಬೇಕು, ಹದಿನೈದು ಇಪ್ಪತ್ತು ದಿನವಾದೀತು ಎಂದು ಎಚ್ಚರಿಸಿದರು. ಆಗಲಿ, ನಾಳೆಯೇ ಲಾರಿಗೆ ಹಾಕೋಣ ಎಂದರು ನಮ್ಮವರು. ಹದಿನೈದು ಇಪ್ಪತ್ತು ದಿನ ಈ ಬೀದಿಯಲ್ಲಿ ಖಾಲಾರ ಬಾಟಲಿಗೆ ಜಾಗವಿಲ್ಲವೆಂಬುದು ಆ ಮೂವರಲ್ಲಿ ಯಾರ ತಲೆಗೂ ಬಂದಂತಿರಲಿಲ್ಲ. ಮೆಕ್ಯಾನಿಕ್ ಚೀಲದಿಂದ ಮುಮ್ಮೂಲೆಯ ಅರ ತೆಗೆದು ನಳಿಗೆಯ ಮೇಲಿಟ್ಟರು. ಒಂದು ಗೀರು ಎಳೆದರು. ತಾಮ್ರ ಹೊಸದಾಗಿ ಮಿಂಚಿತು.

"ನಿಲ್ಲಿ," ಅಂದೆ.

ಮದುವೆಯಾದ ಮೇಲೆ ಆ ಮನೆಯಲ್ಲಿ ಒಬ್ಬ ಗಂಡಸಿಗೆ ನಾನು ಹೇಳಿದ ಮೊದಲ ಅಪ್ಪಣೆ ಅದಿರಬೇಕು. ನನಗೇ ನನ್ನ ದನಿ ಪರಿಚಯವಾಗಲಿಲ್ಲ. ಮೂವರೂ ತಲೆಯೆತ್ತಿದರು. ಫ್ರಿಜ್ಜಿನ ಬಾಗಿಲು ತೆಗೆದು, ಗೂಡಿನಿಂದ ಲೋಟವನ್ನು ತೆಗೆದು ಮೆಕ್ಯಾನಿಕ್ಕಿನ ಮುಂದೆ ಬೋರಲು ಹಾಕಿ ಹಿಡಿದೆ. ನೀರು ಬೀಳಲಿಲ್ಲ. ಮೇಲೆ ಬೆರಳ ದಪ್ಪಕ್ಕೆ ಗಟ್ಟಿಯಾಗಿತ್ತು.

"ಊಟಕ್ಕೆ ಮುಂಚೆ ಇಟ್ಟದ್ದು," ಅಂದೆ, ನನ್ನ ಹಳೆಯ ದನಿಯಲ್ಲಿ.

ಮೆಕ್ಯಾನಿಕ್ ಅರವನ್ನು ಕೆಳಗಿಟ್ಟರು. ಲೋಟ ನೋಡಿದರು. ಬರಿದಾಗಿದ್ದ ಫ್ರಿಜ್ಜಿನ ಬೆನ್ನು ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಧಾಬಳಿಯುಟ್ಟು ನಿಂತಿದ್ದ ಅತ್ತೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು. ಅವರು ಅರವನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದರು.

ಉಳಿದಿಬ್ಬರು ಅಷ್ಟು ಸುಮ್ಮನಾಗುವವರಲ್ಲ. ಎಳೆದಾಡಿದ್ದರಿಂದ ಒಳಗಿನ ವಾಲ್ವು ಸಡಿಲಗೊಂಡಿತು ಎಂದು ಭಾವನವರು ಊಹಿಸಿದರು. ಈಗಷ್ಟೇ ಇಲ್ಲವೆಂದು ಸಾಧಿಸಿದ್ದ ವಾಲ್ವು ಐದು ನಿಮಿಷದಲ್ಲಿ ಹುಟ್ಟಿ, ಸಡಿಲವೂ ಆಗಿತ್ತು. ನಮ್ಮವರು ಅದನ್ನು ಒಪ್ಪಲಿಲ್ಲ. ತಾವು ಮೂರು ದಿನ ಮೊದಲೇ ಏಳಕ್ಕೆ ತಿರುಗಿಸಿಟ್ಟದ್ದು ಈಗ ಹತ್ತಿಕೊಂಡಿದೆ, ದೊಡ್ಡ ಮಿಷನ್ನಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ ಎಂದು ಅವರ ವಾದ. ಅಣ್ಣ ತಮ್ಮ ಇಬ್ಬರೂ ಅದನ್ನೇ ಚರ್ಚಿಸುತ್ತ ಎಲೆ ಅಡಿಕೆಗೆ ಜಗಲಿಗೆ ಹೋದರು. ಗೇಟ್‌ವಾಲ್ವು ಫ್ರಿಜ್ಜಿನ ತಲೆಯ ಮೇಲೆಯೇ ಉಳಿಯಿತು.

ಅಪಾಯ ಇನ್ನೂ ಮುಗಿದಿರಲಿಲ್ಲ. ಅಡುಗೆಮನೆ ಒರೆಸಿ, ಮಡಿ ಬಿಚ್ಚಿ ಬಂದ ಅತ್ತೆ ಕೋಲಿನ ತುದಿಯಲ್ಲಿ ಧಾಬಳಿ ಹಿಡಿದುಕೊಂಡು ಫ್ರಿಜ್ಜಿನ ಕಡೆಗೇ ಹೊರಟರು. ಭಾವನವರು ಇನ್ನೂ ಮೂರು ದಿನ ಇರುವವರು. ಬಿಸಿಯ ಮಾತು ಅತ್ತೆಗೆ ಹಿಡಿಸಿರಲಿಲ್ಲ, ಪುಸ್ತಕದ ಮಾತು ಅವರ ಮಗನಿಗೇ ಹಿಡಿಸಿರಲಿಲ್ಲ. ಅವರಿಗೆ ತಿಳಿಯುವ ಭಾಷೆ ನನಗೆ ಒಂದೇ ಗೊತ್ತಿತ್ತು.

"ಅತ್ತೆ, ಅಲ್ಲಿ ಹಾಕ್ತೀರಾ?" ಅಂದೆ. "ಆ ಮೆಕ್ಯಾನಿಕ್ ಹಿಂದೆಲ್ಲ ಮುಟ್ಟಿಬಿಟ್ರು."

ಅತ್ತೆ ಕೋಲು ಹಿಡಿದೇ ನಿಂತರು. ಜಗಲಿಯ ಕಟ್ಟೆಯಲ್ಲಿ ಕೂತಿದ್ದ ಮೆಕ್ಯಾನಿಕ್ಕಿಗೆ ಇದು ಕೇಳುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಕತ್ತಿನಲ್ಲಿ ಶಿಲುಬೆ ಹಾಕಿಕೊಂಡವರ ಕೈಯಿಂದ ಅಕ್ಷರ ಕಲಿತವಳು ನಾನು. ಇವತ್ತಿಗೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಹೊರಗಿನಿಂದ ಮೆಕ್ಯಾನಿಕ್ಕಿನ ದನಿ, ಒಳಗೆ ಕೇಳಿಸಲೆಂದೇ ಸ್ವಲ್ಪ ಎತ್ತರಿಸಿ, ಬಂತು.

"ಹೌದಮ್ಮಾ, ಮುಟ್ಟಿದ್ದು ಹೌದು. ಒಂದು ಪೈಪೂ ಬಿಟ್ಟಿಲ್ಲ, ಮೇಲಿಂದ ಕೆಳಗಿನ ತನಕ ಕೈ ಆಡಿಸಿದ್ದೇನೆ. ತೊಳೆದ್ರೂ ಹೋಗೋದಿಲ್ಲ ಅದು."

ಅತ್ತೆ ಫ್ರಿಜ್ಜನ್ನು ಒಮ್ಮೆ ಕನಿಕರದಿಂದ ನೋಡಿದರು, ಕೈತಪ್ಪಿದ ಗದ್ದೆಯನ್ನು ನೋಡುವಂತೆ. ಆಮೇಲೆ ಹಿಂದಿರುಗಿ ಹೋಗಿ ಬಚ್ಚಲೊಲೆಯ ಮೇಲಿನ ಬಿದಿರಿಗೆ ಧಾಬಳಿ ಹರವಿದರು. ಅಂದಿನಿಂದ ಫ್ರಿಜ್ಜಿನ ಒಳಗೂ ಹೊರಗೂ ಎರಡೂ ಮೈಲಿಗೆಯಾಗಿ, ಪೂರ್ತಿ ನನ್ನ ವಶಕ್ಕೆ ಬಂತು.

ನಾನು ಜಗಲಿಗೆ ಹೋಗುವಷ್ಟರಲ್ಲಿ ಮೆಕ್ಯಾನಿಕ್ ಗಾಜಿನ ಲೋಟವನ್ನು ತಾವೇ ತೊಳೆದು ಕಟ್ಟೆಯ ಮೇಲೆ ಬೋರಲಿಟ್ಟು ಚಪ್ಪಲಿ ಹುಡುಕುತ್ತಿದ್ದರು. ಏನೋ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಇನ್ನೊಂದು ಲೋಟ ಕಾಫಿ ಕೊಡಲೇ ಎಂಬುದು ಮಾತ್ರ. ಬೇಡಮ್ಮ, ನಾಲ್ಕರ ಬಸ್ಸಿದೆ ಎಂದರು. ಮೆಟ್ಟಿಲಿಳಿದವರು ತಿರುಗಿ, ಆ ಸಣ್ಣ ಪೈಪು ನೋಡಿ ತಮಗೂ ಇವತ್ತು ಒಂದು ವಿದ್ಯೆ ಸಿಕ್ಕಿತು, ಆ ಪುಸ್ತಕ ಒಮ್ಮೆ ಓದಿ ಹೇಳುತ್ತೀರಾ ಎಂದು ಕೇಳಿದರು. ಮುಂದೊಂದು ದಿನ ಬಂದು, ಮೆಟ್ಟಿಲ ಮೇಲೆ ಕೂತು, ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹೋದರು. ಆ ಮನೆಗೆ ಬಂದ ಗಂಡಸರಲ್ಲಿ ಆ ಪುಸ್ತಕ ಕೇಳಿದವರು ಅವರೊಬ್ಬರೇ.

ಅವರು ಹೋದ ಮೇಲೆ ತಿರುಗಣೆಯನ್ನು ಏಳರಿಂದ ಮೂರಕ್ಕೆ ತಂದೆ. ಸ್ವಲ್ಪ ಹೊತ್ತಿಗೆ ಮೋಟಾರು ಮೂರು ದಿನದಲ್ಲಿ ಮೊದಲ ಸಲ ಟಕ್ಕೆಂದು ನಿಂತಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಗೋಡೆಯಾಚೆ ಖಾಲಾ ಅಕ್ಕಿ ಕೇರುವ ಸದ್ದು ಕೇಳಿಸಿತು. ಕೊತ್ತಂಬರಿಯೊಳಗಿನಿಂದ ಬಾಟಲಿಗಳನ್ನು ತೆಗೆದು, ಒರೆಸಿ, ಅವುಗಳ ಗುಳಿಯಲ್ಲಿ ಕೂರಿಸಿದೆ.

ಅಷ್ಟರಲ್ಲಿ ನಮ್ಮವರು ಶಲ್ಯ ಹೆಗಲಿಗೆ ಹಾಕಿ ಅಣ್ಣನನ್ನು ಊರು ತೋರಿಸಲು ಕರೆದುಕೊಂಡು ಹೊರಟರು. ಭಾವನವರು ಕೊಪ್ಪವನ್ನು ನೋಡಿದ್ದು ನೂರು ಸಲ. ತೋರಿಸಬೇಕಿದ್ದದ್ದು ಊರಿಗೆ ಫ್ರಿಜ್ಜಿನ ಕಥೆಯನ್ನು. ಕಿಟಕಿಯಿಂದ ನೋಡಿದೆ: ದಿನಸಿ ಅಂಗಡಿಯ ಮುಂದೆ ಒಮ್ಮೆ, ಟೈಲರ್ ಅಂಗಡಿಯ ಮುಂದೆ ಒಮ್ಮೆ, ಖಾಲಾರ ಗೇಟಿನ ಮುಂದೆ ಒಮ್ಮೆ ನಿಂತು, ಗಾಳಿಯಲ್ಲಿ ಕೈಯಾಡಿಸಿ ಏನನ್ನೋ ತಿರುಗಿಸಿ ತೋರಿಸುತ್ತಿದ್ದರು.

ಆರು ಗಂಟೆಗೆ ಚಿಲಕ ಎರಡು ಸಲ ಅಲುಗಿತು. ಖಾಲಾರ ಮುಖದಲ್ಲಿ ನೆತ್ತರಿಲ್ಲ. ಬೆಳಗಿನ ಬಸ್ಸಿಗೆಂದು ಒಂದು ಚೀಲವನ್ನೂ ತುಂಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ನಾನು ಬಾಟಲಿಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಕೆನ್ನೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು. ಮಲ್ಲಿಗೆ ಬಳ್ಳಿಯ ಹತ್ತಿರ ಹೋದವರು ಏನೋ ನೆನಪಾದಂತೆ ನಿಂತರು.

"ನಿಮ್ಮ ಯಜಮಾನ್ರು ಗೇಟ್ ಹತ್ರ ಸಿಕ್ಕಿದ್ರು. ವಾಲ್ವ್ ಅವರೇ ಸರಿ ಮಾಡಿದ್ರಂತೆ. ಇನ್ನು ಮೇಲೆ ನನ್ನ ಮದ್ದು ಅವರೇ ನೋಡ್ಕೊಳ್ತಾರಂತೆ," ಎಂದು ಹೇಳಿ, ಒಣಗಿದ ಎಲೆಯೊಂದನ್ನು ಬಳ್ಳಿಯಿಂದ ಕಿತ್ತು ಬಿಸಾಡಿದರು. "ಬೇಡ ಅನ್ನಿ ಮಾರಾಯ್ತಿ. ಗಂಡಸ್ರು ನೋಡ್ಕೊಳ್ತೇವೆ ಅಂದ ಕೂಡ್ಲೆ ನಂಗೆ ಸಕ್ರೆ ಏರ್ತದೆ."